ಬಲವಾದ ನಾಯಿಗೆ ಹಾರ್ನೆಸ್ ಕೊಳ್ಳಬೇಡಿ, ಹೊಲಿಸಿ

ಹುಬ್ಬಳ್ಳಿ-ಧಾರವಾಡದಲ್ಲಿ ಮುಧೋಳ ನಾಯಿ, ಜರ್ಮನ್ ಶೆಫರ್ಡ್, ರಾಟ್‌ವೀಲರ್ ಸಾಕುವವರು ಈಗ ಬಹಳ ಮಂದಿ ಇದ್ದಾರೆ. ನಾಯಿ ಬೆಳೆದು ಜಗ್ಗತೊಡಗಿದ ಮೇಲೆ ಅವರೆಲ್ಲ ನನ್ನನ್ನು ಕೇಳುವುದು ಒಂದೇ ಪ್ರಶ್ನೆ: ಯಾವ ಕಂಪನಿಯ ಹಾರ್ನೆಸ್, ಅಂದರೆ ಎದೆ-ಬೆನ್ನು ಸುತ್ತುವ ಪಟ್ಟಿಗಳ ಜೋಡಣೆ, ಒಳ್ಳೆಯದು? ಯಾವ ಕಂಪನಿಯದೂ ಬೇಡ ಎನ್ನುತ್ತೇನೆ. ತೋಟ ಕಾಯುವ, ವಾಸನೆ ಹಿಡಿದು ಓಡುವ, ಒಂದೇ ಜಗ್ಗಿಗೆ ಆಳನ್ನು ಕೆಡವಬಲ್ಲ ನಾಯಿಗೆ ತೊಗಟೆಯಲ್ಲಿ ಹದ ಮಾಡಿದ ಚರ್ಮವನ್ನೇ ತರಬೇಕು, ಅದರ ಮೈಯ ಅಳತೆಗೆ ನಮ್ಮೂರಿನ ಚರ್ಮದ ಕೆಲಸಗಾರರಿಂದಲೇ ಹೊಲಿಸಬೇಕು.

ಬರೀ ಕೊರಳಪಟ್ಟಿ ಸಾಲದೇ ಎಂದು ಕೇಳುವವರಿದ್ದಾರೆ. ಶಾಂತವಾಗಿ ಜೊತೆಗೆ ನಡೆಯುವ ನಾಯಿಗೆ ಸಾಕು. ಜಗ್ಗುವ ನಾಯಿಯ ಇಡೀ ಬಲ ಕೊರಳಪಟ್ಟಿಯಿದ್ದರೆ ಗಂಟಲಿನ ಮೇಲೆ ಬೀಳುತ್ತದೆ. ಕೆಮ್ಮು, ಉಬ್ಬಸ ಅಲ್ಲಿಂದಲೇ ಶುರು. ಎತ್ತಿನ ಗಂಟಲಿಗೆ ಹಗ್ಗ ಬಿಗಿದು ಗಾಡಿ ಎಳೆಸುವ ರೈತ ನಮ್ಮ ಕಡೆ ಒಬ್ಬನೂ ಇಲ್ಲ, ನೊಗ ಹೆಗಲ ಮೇಲೇ ಕೂರಬೇಕು ಎಂಬುದು ಅವನಿಗೆ ಗೊತ್ತು. ಜಾಡು ಹಿಡಿಯುವ ನಾಯಿಗಳಿಗೆ ಹಾರ್ನೆಸ್ ಹಾಕುವುದೂ ಇದೇ ಕಾರಣಕ್ಕೆ. ಮೂಗು ನೆಲಕ್ಕಿಟ್ಟು ಮುಂದೆ ಜಗ್ಗುವಾಗ ಉಸಿರು ಕಟ್ಟಿದರೆ ವಾಸನೆ ಹಿಡಿಯುವುದಾದರೂ ಹೇಗೆ?

ಮುಧೋಳ ನಾಯಿಯ ಮಾತನ್ನು ಬೇರೆಯಾಗಿಯೇ ಹೇಳಬೇಕು. ಇದರ ತಲೆ ಸಣ್ಣ, ಕೊರಳು ಉದ್ದ ಮತ್ತು ಗಟ್ಟಿ. ಹಿಂದಕ್ಕೆ ಸರಿದು ಒಮ್ಮೆ ತಲೆ ಕೊಡವಿದರೆ ಸಾಧಾರಣ ಕೊರಳಪಟ್ಟಿ ಕಿವಿ ದಾಟಿ ಕಳಚುತ್ತದೆ. ಎದೆ ಆಳ, ಸೊಂಟ ಹಿಡಿಯಷ್ಟು. ಅಂಗಡಿಯ ಹಾರ್ನೆಸ್‌ಗಳು ದುಂಡು ಮೈಯ ವಿದೇಶಿ ತಳಿಗಳ ಅಳತೆಗೆ ಬಂದಿರುತ್ತವೆ; ಎದೆಗೆ ಸರಿಹೋದದ್ದು ಹೊಟ್ಟೆಯತ್ತ ಜಾರುತ್ತದೆ, ಹೊಟ್ಟೆಗೆ ಬಿಗಿದದ್ದು ಬಗಲು ಕೊಯ್ಯುತ್ತದೆ. ಈ ತಳಿಗೆ ಪಕ್ಕೆಲುಬು ಮುಗಿಯುವಲ್ಲಿ, ಸೊಂಟ ಸಣ್ಣದಾಗುವ ಜಾಗಕ್ಕೆ ಇನ್ನೊಂದು ಪಟ್ಟಿ ಬೇಕೇಬೇಕು. ಅದಿದ್ದರೆ ಹಿಂದಕ್ಕೆ ಎಷ್ಟು ಜಗ್ಗಿದರೂ ಬಿಡಿಸಿಕೊಳ್ಳಲಾಗದು. 2005ರಲ್ಲಿ ಅಂಚೆ ಇಲಾಖೆ ಈ ತಳಿಯ ಅಂಚೆಚೀಟಿ ತಂದಿತು, 2016ರಲ್ಲಿ ಸೇನೆ ಇದರ ಮರಿಗಳನ್ನು ತರಬೇತಿಗೆ ಮೀರತ್‌ಗೆ ಒಯ್ದಿತು. ಎರಡನ್ನೂ ಹೆಮ್ಮೆಯಿಂದ ಹೇಳಿಕೊಳ್ಳುವ ನಾವು ಅದೇ ನಾಯಿಯ ಕೊರಳಿಗೆ ಪ್ಲಾಸ್ಟಿಕ್ ಹಗ್ಗ ಬಿಗಿದು, ಲಾರಿ ಓಡಾಡುವ ಗದಗ ರಸ್ತೆಯ ಪಕ್ಕದಲ್ಲಿ ನಡೆಸುತ್ತೇವೆ. ನನಗೆ ಇದು ಸಹಿಸಲಾಗದ ಸಂಗತಿ.

ಇನ್ನು ಚರ್ಮ. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಸೂಚಕ ಮಾನ್ಯತೆ ದೊರೆತಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಬೆಳಗಾವಿ, ಬಾಗಲಕೋಟೆ, ವಿಜಯಪುರ ಮತ್ತು ನಮ್ಮ ಧಾರವಾಡವೂ ಅದರಲ್ಲಿತ್ತು. ಆ ಚಪ್ಪಲಿಯ ಚರ್ಮ ಜಾಲಿ ತೊಗಟೆ, ಅಳಲೆಕಾಯಿಗಳ ರಸದಲ್ಲಿ ಹದವಾಗುವಂಥದ್ದು. ಹಾರ್ನೆಸ್‌ಗೆ ಬೇಕಾದದ್ದೂ ಅದೇ. ಮೊದಲಿಗೆ ಬಿರುಸಾಗಿರುತ್ತದೆ; ದಿನ ಕಳೆದಂತೆ ನಾಯಿಯ ಮೈಗೆ ತಕ್ಕಂತೆ ಬಾಗಿ ಕೂರುತ್ತದೆ, ಹಾಗೆಂದು ಸಡಿಲವಾಗುವುದಿಲ್ಲ. ಕ್ರೋಮ್‌ನಲ್ಲಿ, ಅಂದರೆ ಕ್ರೋಮಿಯಂ ಲವಣದಲ್ಲಿ, ಹದ ಮಾಡಿದ್ದು ಮೆತ್ತಗಿರುತ್ತದೆ, ನೀರನ್ನೂ ತಡೆಯುತ್ತದೆ, ಬೂಟಿನ ಮೇಲ್ಭಾಗಕ್ಕೆ ಒಳ್ಳೆಯದು. ಆದರೆ ಭಾರ ಬಿದ್ದಂತೆ ಹಿಗ್ಗುತ್ತದೆ. ಎರಡನ್ನೂ ಗುರುತಿಸುವುದು ಸುಲಭ: ಕತ್ತರಿಸಿದ ಅಂಚನ್ನು ನೋಡಿ. ಒಳಗೆಲ್ಲ ಕಂದು ಬಣ್ಣವಿದ್ದರೆ ಬಹುಮಟ್ಟಿಗೆ ತೊಗಟೆಯದು, ನಡುವೆ ನೀಲಿ-ಬೂದು ಗೆರೆ ಕಂಡರೆ ಕ್ರೋಮ್, ಬಟ್ಟೆಯ ಎಳೆ ಕಂಡರೆ ರೆಕ್ಸಿನ್. ಬೆನ್ನಿನ ಭಾಗದ ಚರ್ಮವನ್ನೇ ಕೇಳಿ ಪಡೆಯಿರಿ. ಹೊಟ್ಟೆಯ ಭಾಗದ್ದು ಅಗ್ಗ, ಆದರೆ ಜಗ್ಗಿದಷ್ಟೂ ಉದ್ದವಾಗುತ್ತದೆ. ದೊಡ್ಡ ನಾಯಿಗೆ ಮೂರರಿಂದ ನಾಲ್ಕು ಮಿಲಿಮೀಟರ್ ದಪ್ಪ, ಒಂದು ಇಂಚಿಗೆ ಕಡಿಮೆಯಾಗದ ಅಗಲ ಇರಲಿ.

ಹೊಲಿಸುವಾಗ ಪಟ್ಟು ಹಿಡಿಯಬೇಕಾದ ವಿಷಯಗಳಿವೆ. ಮುಂದಿನ ಪಟ್ಟಿಗಳು ಎದೆಮೂಳೆಯ ಮೇಲೆ ಬಂದು ಕೂಡಬೇಕು, ಗಂಟಲಿನ ಗುಳಿಯಲ್ಲಿ ಅಲ್ಲ. ಭುಜಕ್ಕೆ ಅಡ್ಡಲಾಗಿ ಹಾಯುವ ಪಟ್ಟಿ ಬೇಡವೇ ಬೇಡ, ಅದು ಮುಂಗಾಲು ಚಾಚುವುದನ್ನು ತಡೆಯುತ್ತದೆ. ಎದೆ ಸುತ್ತುವ ಪಟ್ಟಿ ಬಗಲಿನಿಂದ ಮೂರು ನಾಲ್ಕು ಬೆರಳು ಹಿಂದಿರಲಿ. ಪಟ್ಟಿಯ ಕೆಳಗೆ ಎರಡು ಬೆರಳು ಸಲೀಸಾಗಿ ತೂರಬೇಕು. ನಾಯಿ ನಿಂತಾಗಲೂ ಕುಳಿತಾಗಲೂ ನೋಡಿ. ಭಾರ ಬೀಳುವ ಕೂಡಿಕೆಗಳಿಗೆ ಎರಡು ಸೂಜಿಯ ಕೈಹೊಲಿಗೆ ಹಾಕಿಸಿ. ಅದರಲ್ಲಿ ಒಂದು ಎಳೆ ಸವೆದು ಹರಿದರೂ ಇನ್ನೊಂದು ಹಿಡಿದಿರುತ್ತದೆ. ರಿವೆಟ್ ಹೊಡೆದರೆ ಅದರ ಬುಡ ಮೈಗೆ ಉಜ್ಜದಂತೆ ಒಳಗೊಂದು ತೆಳು ಚರ್ಮ ಕೂರಿಸಬೇಕು. ಹಗ್ಗ ಸಿಕ್ಕಿಸುವ ಡಿ ರಿಂಗ್‌ನ ಬಾಯಿ ಬೆಸುಗೆಯಿಂದ ಮುಚ್ಚಿರಬೇಕು. ಬರೀ ತಂತಿ ಬಾಗಿಸಿ ಮಾಡಿದ್ದು ದೊಡ್ಡ ನಾಯಿಯ ಜಗ್ಗಿಗೆ ಬಾಯಿ ಬಿಡುತ್ತದೆ. ಬಕಲ್ ಹಿತ್ತಾಳೆಯದು ಎಂದು ಹೇಳಿದರೆ ಅಯಸ್ಕಾಂತ ಹಿಡಿದು ನೋಡಿ. ಅಂಟಿಕೊಂಡರೆ ಒಳಗಿರುವುದು ಕಬ್ಬಿಣ.

ಒಳಗೆ ಉಣ್ಣೆಯ ಮೆತ್ತೆ ಹಾಕಿಸುವ ಶೋಕಿ ನಮ್ಮ ಹವೆಗೆ ಒಗ್ಗುವುದಿಲ್ಲ. ಏಪ್ರಿಲ್‌ನಲ್ಲಿ ಬೇಯಿಸುತ್ತದೆ, ಜುಲೈನಲ್ಲಿ ನೀರು ಹಿಡಿದಿಡುತ್ತದೆ.

ಮಳೆಗಾಲದಲ್ಲಿ ಚರ್ಮಕ್ಕೆ ಬೂಸು ಬರುತ್ತದೆ, ನೈಲಾನೇ ಮೇಲು ಎನ್ನುವವರ ಮಾತಿನಲ್ಲಿ ಅರ್ಧ ನಿಜವಿದೆ. ದಿನವೂ ಕೆರೆಗೆ ಇಳಿಯುವ ನಾಯಿಗೆ ನೈಲಾನ್ ಹಾಕಿ, ನನ್ನ ತಕರಾರಿಲ್ಲ. ಉಳಿದವರು ಒದ್ದೆಯಾದ ಚರ್ಮವನ್ನು ಬಿಸಿಲಿಗೆ ಹಾಕದೆ ನೆರಳಿನಲ್ಲಿ ಗಾಳಿಗೆ ಒಣಗಿಸಿ, ತೆಳುವಾಗಿ ಹರಳೆಣ್ಣೆ ಸವರಿ, ಬಟ್ಟೆಯಿಂದ ಚೆನ್ನಾಗಿ ಒರೆಸಿದರೆ ಸಾಕು. ಒರೆಸದೆ ಬಿಟ್ಟರೆ ನಾಯಿ ನೆಕ್ಕಿ ಹೊಟ್ಟೆ ಕೆಡಿಸಿಕೊಳ್ಳುತ್ತದೆ. ಬೆಳೆಯುವ ಮರಿಗೆ ಮಾತ್ರ ಈ ಖರ್ಚು ಈಗಲೇ ಬೇಡ, ಎದೆ ತುಂಬಿಕೊಳ್ಳುವವರೆಗೆ ಕಾಯಿರಿ. ಹಾರ್ನೆಸ್ ಹಾಕಿದೊಡನೆ ಜಗ್ಗುವುದು ನಿಲ್ಲುತ್ತದೆ ಎಂದೂ ನಂಬಬೇಡಿ. ಎದೆಯಿಂದ ಜಗ್ಗುವುದು ನಾಯಿಗೆ ಇನ್ನೂ ಸುಲಭ. ಜೊತೆಗೆ ನಡೆಯುವುದನ್ನು ನಾವೇ ಕಲಿಸಬೇಕು.

ಕಪ್ಪತಗುಡ್ಡದ ಸುತ್ತ ಕುರಿ ಮೇಯಿಸುವವರ ನಾಯಿಗಳಿಗೆ ಇದನ್ನು ಹಾಕಿಸಲು ಹೋಗಬೇಡಿ. ರಾತ್ರಿಯೆಲ್ಲ ಬಿಡುಬೀಸಾಗಿ ಹಟ್ಟಿ ಸುತ್ತಿ ತೋಳ ಅಟ್ಟುವ ನಾಯಿ ಜಾಲಿಯ ಮುಳ್ಳಿನಲ್ಲಿ ಪಟ್ಟಿ ಸಿಕ್ಕಿಸಿಕೊಂಡು ನಿಂತರೆ ಅದರ ಗತಿಯೇನು? ಹಾರ್ನೆಸ್ ಇರುವುದು ಮನುಷ್ಯನ ಕೈಯಲ್ಲಿ ಹಗ್ಗ ಇರುವಾಗ ಮಾತ್ರ.

ಹೊಲಿಯುವವರು ಎಲ್ಲಿದ್ದಾರೆ ಎಂದರೆ, ಹಾವೇರಿ ಕಡೆ ಹೋರಿ ಓಡಿಸುವವರನ್ನು ಕೇಳಿ. ಅವರ ಹೋರಿಗಳಿಗೆ ಚರ್ಮದ ಗೆಜ್ಜೆಪಟ್ಟಿ ಹೊಲಿಯುವ ಕೈಗಳಿಗೆ ದನದ ಮೈ ಗೊತ್ತು, ನಾಯಿಯ ಮೈ ಕಲಿಯಲು ಹೊತ್ತು ಬೇಡ. ನಾನು ಧಾರವಾಡದಲ್ಲಿ ಹೊಲಿಸುವ ಕಾಕಾ ಕಾಗದದ ಮೇಲೆ ಬರೆದು ತಂದ ಅಳತೆಯನ್ನು ಒಪ್ಪುವುದೇ ಇಲ್ಲ. "ಸಾಹೇಬರೇ, ನಾಯಿಯನ್ನೇ ಕರೆದುಕೊಂಡು ಬನ್ನಿ, ನಡೆಯುವುದನ್ನು ನೋಡಬೇಕು" ಎನ್ನುತ್ತಾರೆ. ಮೊದಲು ಹಳೆಯ ಬಟ್ಟೆಯ ಪಟ್ಟಿ ಸುತ್ತಿ ಗುರುತು ಹಾಕಿ, ನಾಲ್ಕು ಹೆಜ್ಜೆ ನಡೆಸಿ, ಆಮೇಲಷ್ಟೇ ಚರ್ಮಕ್ಕೆ ರಂಪಿಗೆ (ಚರ್ಮ ಕೊಯ್ಯುವ ಉಳಿ) ಹಚ್ಚುತ್ತಾರೆ. ಇಂಥವರ ಮುಂದೆ ನಿಂತು ಚೌಕಾಸಿ ಮಾಡಬೇಡಿ. ಆನ್‌ಲೈನ್‌ನಲ್ಲಿ ಬರೆದಿದ್ದ ಬೆಲೆಯನ್ನು ತುಟಿಪಿಟಿಕ್ಕೆನ್ನದೆ ಕೊಟ್ಟವರು ಇಲ್ಲಿ ಐವತ್ತು ರೂಪಾಯಿಗೆ ಜಗಳ ತೆಗೆಯುವುದನ್ನು ಕಂಡು ನನಗೆ ಸಿಟ್ಟು ಬಂದಿದೆ. ಕೇಳಿದಷ್ಟು ಕೊಡಿ, ಅರ್ಧ ಮುಂಗಡವಾಗಿಯೇ ಕೊಡಿ. ಒಳ್ಳೆಯ ಬೆನ್ನಿನ ಚರ್ಮ ತರಲು ಅವರಿಗೆ ಮೊದಲೇ ಹಣ ಬೇಕಾಗುತ್ತದೆ.