ಪೆಟ್ರೋಲ್ ಇದೆಯೇನಪ್ಪಾ?

ಇದನ್ನು ಬರೆಯುತ್ತಿರುವ ಕೈಗೆ ಮೂರು ಸಲ ಸೋಪು ಹಾಕಿದ್ದೇನೆ. ಆದರೂ ಪೆಟ್ರೋಲ್ ವಾಸನೆ ಹೋಗಿಲ್ಲ. ಉಗುರಿನ ಸಂದಿಯಲ್ಲೆಲ್ಲ ಮಸಿ. ಕಿಕ್ಕರ್ ಜಾರಿ ಮೊಣಕಾಲ ಕೆಳಗೆ ಹೊಡೆದು ನೀಲಿಗಟ್ಟಿದೆ. ಹಳೇ ಬೈಕ್ ಇಟ್ಟುಕೊಂಡವರಿಗೆ ಇಷ್ಟು ಹೇಳಿದರೆ ಸಾಕು, ಬೆಳಿಗ್ಗೆ ನನ್ನ ಗತಿ ಏನಾಗಿತ್ತು ಅಂತ ಗೊತ್ತಾಗುತ್ತೆ. ಗುಂಡಿ ಒತ್ತಿ ಭರ್ರನೆ ಹೊರಟುಹೋಗುವ ಹೊಸ ಬೈಕಿನವರು ಸ್ವಲ್ಪ ತಾಳ್ಮೆಯಿಂದ ಓದಿ. ನಿಮ್ಮ ಗಾಡಿಗೂ ವಯಸ್ಸಾಗುತ್ತೆ.

ಶುರುವಾಗಿದ್ದು ಒಂದೂವರೆ ತಿಂಗಳ ಹಿಂದೆ. ಬೆಳಿಗ್ಗೆ ಚೋಕ್ ಎಳೆದು ಎರಡು ಕಿಕ್ ಹೊಡೆದರೆ ಗಾಡಿ ಸ್ಟಾರ್ಟ್. ಹತ್ತು ನಿಮಿಷ ಒಳ್ಳೇ ಹುಡುಗನ ಹಾಗೆ ಓಡುತ್ತೆ. ಆಮೇಲೆ ಎಳೆತ ಕಮ್ಮಿಯಾಗುತ್ತೆ. ಆಕ್ಸಿಲರೇಟರ್ ತಿರುವಿದಷ್ಟೂ ಸುಸ್ತಾಗುತ್ತೆ. ಎರಡು ಸಲ ಕೆಮ್ಮಿ ನಿಂತೇಬಿಡುತ್ತೆ. ಅದೂ ಹೆಚ್ಚುಕಮ್ಮಿ ಒಂದೇ ಜಾಗದಲ್ಲಿ, ಒಂದು ಹಸಿರು ಗೇಟಿನ ಮುಂದೆ.

ಆ ಗೇಟಿನ ಒಳಗೆ ಕುರ್ಚಿ ಹಾಕಿಕೊಂಡು ಒಬ್ಬರು ಹಿರಿಯರು ಪೇಪರ್ ಓದುತ್ತಾ ಕೂತಿರುತ್ತಾರೆ. ಮೊದಲನೇ ದಿನ ನನ್ನ ಗಾಡಿ ನಿಂತ ತಕ್ಷಣ ಪೇಪರನ್ನು ಒಂದು ಗೇಣು ಕೆಳಗಿಳಿಸಿದರು. ಕನ್ನಡಕದ ಮೇಲಿಂದ ನೋಡಿದರು. ಕೇಳಿದರು:

"ಪೆಟ್ರೋಲ್ ಇದೆಯೇನಪ್ಪಾ?"

ಹದಿನೆಂಟು ವರ್ಷದಿಂದ ಈ ಗಾಡಿ ಓಡಿಸುತ್ತಿದ್ದೇನೆ. ತಲೆನೋವು ಅಂತ ಡಾಕ್ಟರ ಹತ್ತಿರ ಹೋದವನಿಗೆ "ತಲೆ ಇದೆಯಾ?" ಅಂತ ಕೇಳಿದರೆ ಹೇಗಾಗುತ್ತೆ ಹೇಳಿ. ಆದರೂ ಹಿರಿಯರಲ್ವಾ, "ಇದೆ ಸಾರ್" ಅಂದೆ.

"ನೋಡಿದ್ಯಾ?"

ಈ "ನೋಡಿದ್ಯಾ" ಇದೆಯಲ್ಲ, ಅದು ಮನುಷ್ಯನನ್ನು ಒಳಗಿಂದ ಸುಡುವ ಮಾತು. ನೋಡಿರಲಿಲ್ಲ ಅನ್ನಿ. ಕೀ ತೆಗೆದು ಟ್ಯಾಂಕಿನ ಮುಚ್ಚಳ ಬಿಚ್ಚಿದೆ. ಗಾಡಿಯನ್ನು ಆ ಕಡೆ ಈ ಕಡೆ ಅಲ್ಲಾಡಿಸಿದೆ. ಒಳಗೆ ಗುಳುಗುಳು ಅಂತು. "ಕೇಳಿಸ್ತಾ ಸಾರ್?" ಅಂದೆ. "ಹೂಂ, ಇದೆ" ಅಂದರು. ಮುಚ್ಚಳ ಹಾಕಿ, ಎರಡು ಕಿಕ್ ಹೊಡೆದೆ. ಮೂರನೆಯದಕ್ಕೆ ಸ್ಟಾರ್ಟ್! ಅವರು ಪೇಪರನ್ನು ಮತ್ತೆ ಮೇಲಕ್ಕೆತ್ತಿದರು. ಆ ಎತ್ತುವುದರಲ್ಲಿ ಒಂದು ಗತ್ತು ಇತ್ತು. ಗಾಡಿ ರಿಪೇರಿ ಮಾಡಿದ್ದು ಅವರೇ ಅನ್ನೋ ಗತ್ತು.

ಮರುದಿನವೂ ಅದೇ ಗೇಟು, ಅದೇ ಗೇಣು, ಅದೇ ಪ್ರಶ್ನೆ. ನಿನ್ನೆ ತಾನೆ ನೋಡಿದ್ದಾರೆ! ಒಂದು ರಾತ್ರಿಯಲ್ಲಿ ಪೆಟ್ರೋಲ್ ಎಲ್ಲಿಗೆ ಹೋಗುತ್ತೆ? ಆದರೆ "ನೋಡಿದ್ಯಾ" ಬರುವ ಮೊದಲೇ ನಾನೇ ಮುಚ್ಚಳ ತೆಗೆದು ತೋರಿಸಲು ಶುರುಮಾಡಿದೆ. ಸುಮ್ನೆ ಯಾಕೆ ಮಾತು ಬೆಳೆಸೋದು. ತೋರಿಸೋದು, ಮುಚ್ಚೋದು, ಕಿಕ್ ಹೊಡೆಯೋದು, ಹೊರಡೋದು. ಒಂದು ದಿನ ಅವರು ಕೂತಲ್ಲಿಂದ ಏನೂ ಕೇಳಲಿಲ್ಲ, ಬರೀ ಹುಬ್ಬು ಎತ್ತಿದರು. ನಾನು ಮುಚ್ಚಳ ತೆಗೆದೆ. ಅಷ್ಟರಮಟ್ಟಿಗೆ ಪಳಗಿದ್ದೆ.

ಈ ಮಧ್ಯೆ ನಾನು ಸುಮ್ಮನೆ ಕೂತಿರಲಿಲ್ಲ. ಕೂತಿದ್ದರೆ ಈ ಬರಹದ ಅಗತ್ಯವೇ ಇರುತ್ತಿರಲಿಲ್ಲ. ಮೆಕ್ಯಾನಿಕ್ ಒಂದು ಸಲ ರೈಸ್ ಮಾಡಿ, ತಲೆ ಓರೆ ಮಾಡಿ ಕೇಳಿಸಿಕೊಂಡು, "ಕಾರ್ಬೊರೇಟರಲ್ಲಿ ಕಚರಾ" ಅಂದುಬಿಟ್ಟ. ಆಫೀಸಿನಲ್ಲಿ ಕೇಳಿದರೂ ಅದನ್ನೇ ಹೇಳಿದರು. ಹಳೇ ಗಾಡಿ ನಿಂತರೆ ಜಗತ್ತಿನಲ್ಲಿ ಎಲ್ಲರೂ ಮೊದಲು ಬೆರಳು ತೋರಿಸುವುದು ಎಂಜಿನ್ನಿಗೆ ಪೆಟ್ರೋಲ್, ಗಾಳಿ ಬೆರೆಸಿ ಕೊಡುವ ಆ ಬಡಪಾಯಿ ಕಡೆಗೇ. ಮುಷ್ಟಿಯಷ್ಟು ದೊಡ್ಡದಿರುವ, ಬಾಯಿ ಬಾರದ ಪ್ರಾಣಿ ಅದು. ಸರಿ, ನಾನೇ ಬಿಚ್ಚುತ್ತೇನೆ ಅಂತ ಭಾನುವಾರ ಬೆಳಿಗ್ಗೆ ಹಳೇ ಬೆಡ್‌ಶೀಟ್ ಹಾಸಿ ಕೂತೆ.

ಬಿಚ್ಚಿ ನೋಡಿದರೆ ಅದರ ಮೇಲೆ ಗೌರವ ಬರುತ್ತೆ, ಅದು ನಿಜ. ಕರೆಂಟಿಲ್ಲ, ಕಂಪ್ಯೂಟರಿಲ್ಲ. ಗಾಳಿ ಇಕ್ಕಟ್ಟಾದ ಜಾಗದಲ್ಲಿ ನುಗ್ಗುವಾಗ ವೇಗ ಜಾಸ್ತಿಯಾಗಿ ಒತ್ತಡ ಕಮ್ಮಿಯಾಗುತ್ತೆ, ಆಗ ಕೆಳಗಿನ ಬಟ್ಟಲಿನಿಂದ ಪೆಟ್ರೋಲ್ ತಾನೇ ಮೇಲೆ ಬಂದು ಗಾಳಿಗೆ ಬೆರೆಯುತ್ತೆ. ಇದರ ಹಿಂದಿರುವ ಲೆಕ್ಕವನ್ನು ಬರ್ನೂಲಿ ಅನ್ನೋ ವಿಜ್ಞಾನಿ 1738ರಲ್ಲೇ ಪುಸ್ತಕ ಮಾಡಿ ಹೇಳಿದ್ದಾನೆ. ಮೋಟಾರ್ ಸೈಕಲ್ ಹುಟ್ಟುವುದಕ್ಕೆ ನೂರು ವರ್ಷಕ್ಕೂ ಮೊದಲು! ಗಾಡಿ ನಿಲ್ಲುವ ಚಿಂತೆ ಇಲ್ಲದವರಿಗೆ ಎಷ್ಟೊಂದು ಸಮಯ ಸಿಗುತ್ತೆ ನೋಡಿ. ಒಂದು ಗ್ರಾಂ ಪೆಟ್ರೋಲ್ ಸರಿಯಾಗಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಈ ಅಡುಗೆಯ ಅಳತೆಯನ್ನು ಕಾಯುವುದು ಪೆಟ್ರೋಲ್ ಹಾಯುವ ಸಣ್ಣ ತೂತಿರುವ ಒಂದೆರಡು ಹಿತ್ತಾಳೆ ಜೆಟ್ಟು, ಒಂದು ಸೂಜಿ, ಬಟ್ಟಲಲ್ಲಿ ತೇಲುವ ಒಂದು ಫ್ಲೋಟು ಮತ್ತು ಒಂದು ಪುಟ್ಟ ಸ್ಕ್ರೂ.

ಆ ಸ್ಕ್ರೂ ವಿಷಯಕ್ಕೆ ಬರುತ್ತೇನೆ. ಬಿಚ್ಚುವ ಮೊದಲು ಅದನ್ನು ಮೆಲ್ಲಗೆ ಪೂರ್ತಿ ಒಳಗೆ ತಿರುಗಿಸಿ, ಎಷ್ಟು ಸುತ್ತು ಹೋಯಿತು ಅಂತ ಎಣಿಸಿಕೊಳ್ಳಬೇಕು. ವಾಪಸ್ ಹಾಕುವಾಗ ಅಷ್ಟೇ ಸುತ್ತು ಹೊರಗೆ ತರಬೇಕು. ಇದು ನನಗೆ ಗೊತ್ತಿತ್ತು. ಎಣಿಸಿಯೂ ಎಣಿಸಿದೆ. ಅಷ್ಟರಲ್ಲಿ ಒಳಗಿನಿಂದ ಹೆಂಡತಿ, "ರೀ, ಆ ಬೆಡ್‌ಶೀಟ್ ಹಳೇದಲ್ಲ!" ಅಂತ ಕೂಗಿದಳು. ಎದ್ದು ಹೋಗಿ ಸಮಾಧಾನ ಮಾಡಿ ಬರುವಷ್ಟರಲ್ಲಿ ಒಂದೂವರೆಯೋ ಎರಡೂವರೆಯೋ ಮರೆತುಹೋಯಿತು. ನಡುವೆ ಎರಡು ಇಟ್ಟೆ. ಯಾರಿಗೂ ಬೇಜಾರಾಗದಿರಲಿ ಅಂತ.

ಆಮೇಲೆ ಸಣ್ಣ ಜೆಟ್ಟು. ಅದರ ತೂತು ಅರ್ಧ ಮಿಲಿಮೀಟರ್ ಕೂಡ ಇರಲ್ಲ. ಬೆಳಕಿಗೆ ಹಿಡಿದರೆ ದೂರದ ಒಂದೇ ಒಂದು ನಕ್ಷತ್ರದ ಹಾಗೆ ಕಾಣುತ್ತೆ. ತಂತಿ ಚುಚ್ಚಬಾರದು, ತೂತು ದೊಡ್ಡದಾಗುತ್ತೆ, ಗಾಳಿ ಊದಿಯೇ ಕ್ಲೀನ್ ಮಾಡಬೇಕು. ಊದಿದೆ. ಅದರಲ್ಲಿ ಕಸವೇ ಇರಲಿಲ್ಲ. ವಾಪಸ್ ಕೂರಿಸುವಾಗ ಕೈಗೆ ಸಿಕ್ಕ ಸ್ಕ್ರೂಡ್ರೈವರಿನ ತುದಿ ಜೆಟ್ಟಿನ ಗೀರಿಗಿಂತ ತೆಳ್ಳಗಿತ್ತು. ಹಿತ್ತಾಳೆ ಮೆತ್ತನೆ ಲೋಹ. "ಕಚಕ್" ಅಂತು. ಗೀರಿನ ಒಂದು ಅಂಚು ಬೆಣ್ಣೆಯ ಹಾಗೆ ಸವೆದುಹೋಯಿತು. ಸುತ್ತಮುತ್ತ ನೋಡಿದೆ. ಯಾರೂ ನೋಡಿರಲಿಲ್ಲ. ಮುಚ್ಚಿಬಿಟ್ಟೆ.

ಸೋಮವಾರ ಗಾಡಿ ಹಸಿರು ಗೇಟಿನ ಮುಂದೆ ನಿಂತಿತು.

ಇನ್ನೊಂದು ವಾರ, ಇನ್ನೊಂದು ಸಲ. ಫ್ಲೋಟು ನೋಡಿದೆ, ಸೂಜಿ ನೋಡಿದೆ, ರಬ್ಬರ್ ಬಿರುಕು ಬಿಟ್ಟಿದೆಯಾ ನೋಡಿದೆ. ಕಿಡಿ ಹೊತ್ತಿಸುವ ಪ್ಲಗ್ ಬಿಚ್ಚಿದರೆ ಬೆಳ್ಳಗೆ ಬಿಳಿಚಿಕೊಂಡಿತ್ತು. ಅಂದರೆ ಪೆಟ್ರೋಲ್ ಸಾಲುತ್ತಿಲ್ಲ, ಗಾಳಿ ಜಾಸ್ತಿ. ಸುಳಿವು ಕೈಯಲ್ಲೇ ಇತ್ತು. ಅದನ್ನು ಇಟ್ಟುಕೊಂಡು ನಾನು ಮಾಡಿದ್ದೇನು? ಮತ್ತೆ ಅದೇ ಸ್ಕ್ರೂ ತಿರುಗಿಸಿದ್ದು.

ಒಂದು ದಿನ ಫುಲ್ ಟ್ಯಾಂಕ್ ಮಾಡಿಸಿಕೊಂಡು ಹೊರಟೆ. ಇವತ್ತು ಯಾರಾದರೂ ಪೆಟ್ರೋಲ್ ಇದೆಯಾ ಅಂತ ಕೇಳಲಿ ನೋಡೋಣ ಅಂತ. ಅವತ್ತು ಗಾಡಿ ಹಸಿರು ಗೇಟಿಗೂ ಮುಂಚೆಯೇ ನಿಂತಿತು. ಟ್ಯಾಂಕ್ ಭರ್ತಿ, ನೋಡುವುದೇನಿದೆ? ಮೂವತ್ತು ಕಿಕ್ ಹೊಡೆದೆ. ಇಲ್ಲ. ತಳ್ಳಿಕೊಂಡು ಬೆವರು ಸುರಿಸುತ್ತಾ ಹಸಿರು ಗೇಟಿನ ತನಕ ಬಂದೆ. ಪೇಪರ್ ಇಳಿಯಿತು. "ಪೆಟ್ರೋಲ್ ಇದೆಯೇನಪ್ಪಾ?" ಕೋಪ ನೆತ್ತಿಗೇರಿತ್ತು. "ಕುತ್ತಿಗೆವರೆಗೂ ಇದೆ ಸಾರ್, ಬನ್ನಿ ನೋಡಿ!" ಅಂತ ಮುಚ್ಚಳ ಕಿತ್ತು ತೋರಿಸಿದೆ. ಮುಚ್ಚಿ ಸ್ವಲ್ಪ ದಣಿವಾರಿಸಿಕೊಂಡು ಒಂದು ಕಿಕ್ ಹೊಡೆದೆ. ಸ್ಟಾರ್ಟ್.

ಅವರು ಗೇಟಿನ ತನಕ ಎದ್ದು ಬಂದಿದ್ದರು. ತಲೆ ಕೆರೆದುಕೊಂಡು ಕೇಳಿದರು: "ಅಲ್ಲಾ, ನೀನು ಮುಚ್ಚಳ ತೆಗೆದಾಗೆಲ್ಲ ಅದು ಬುಸ್ಸ್ ಅಂತ ಉಸಿರು ಬಿಡುತ್ತಲ್ಲ, ಅದು ಯಾಕೆ?"

ಉಸಿರು ಬಿಡುವುದಲ್ಲ ಅದು, ಉಸಿರು ಎಳೆದುಕೊಳ್ಳುವುದು. ಆ ಸದ್ದನ್ನು ಐದು ವಾರದಿಂದ ನಾನೂ ಕೇಳಿದ್ದೇನೆ, ಕಿವಿಯಿಂದ ಎರಡಡಿ ದೂರದಲ್ಲಿ. ಟ್ಯಾಂಕಿನಿಂದ ಪೆಟ್ರೋಲ್ ಕೆಳಗಿಳಿದಷ್ಟೂ ಮೇಲಿನಿಂದ ಗಾಳಿ ಒಳಗೆ ಬರಬೇಕು. ಎಣ್ಣೆ ಡಬ್ಬಿಗೆ ಎರಡನೇ ತೂತು ಹೊಡೆಯುವುದು ಅದಕ್ಕೇ ತಾನೆ? ಟ್ಯಾಂಕಿನ ಮುಚ್ಚಳದಲ್ಲೂ ಗಾಳಿಗೆ ಅಂತ ಒಂದು ಸಣ್ಣ ತೂತಿರುತ್ತೆ. ಅದು ಕಟ್ಟಿಕೊಂಡರೆ ಒಳಗೆ ನಿರ್ವಾತವಾಗಿ ಪೆಟ್ರೋಲ್ ಇಳಿಯುವುದೇ ನಿಲ್ಲುತ್ತೆ. ಟ್ಯಾಂಕ್ ತುಂಬಿದ್ದಷ್ಟೂ ಒಳಗಿನ ಗಾಳಿ ಕಮ್ಮಿ, ಅಷ್ಟು ಬೇಗ ನಿಲ್ಲುತ್ತೆ. ಮುಚ್ಚಳ ತೆಗೆದರೆ ಸರಿಹೋಗುತ್ತೆ. ಅಂದರೆ ಐದು ವಾರದಿಂದ ಗಾಡಿಯನ್ನು ದಿನಾ ರಿಪೇರಿ ಮಾಡುತ್ತಿದ್ದದ್ದು ನಿಜವಾಗಿಯೂ ಅವರ ಪ್ರಶ್ನೆಯೇ! ಆ ಗತ್ತು ನ್ಯಾಯವಾಗಿಯೇ ಇತ್ತು.

ತೂತು ಕಟ್ಟಿಕೊಂಡದ್ದು ಹೇಗೆ ಅಂತೀರಾ? ಎರಡು ತಿಂಗಳ ಹಿಂದೆ ಗಾಡಿ ಮೇಲೆ ಪ್ರೀತಿ ಉಕ್ಕಿ ಟ್ಯಾಂಕಿಗೆಲ್ಲ ಪಾಲಿಶ್ ಹಾಕಿ ತಿಕ್ಕಿದ್ದೆ. ಮುಚ್ಚಳಕ್ಕೂ. ಪಿನ್ ಹಾಕಿ ಕೆದಕಿದರೆ ಧೂಳು ಸೇರಿ ಒಣಗಿದ ಪಾಲಿಶ್ ಪುಡಿಪುಡಿಯಾಗಿ ಬಂತು. ಎರಡು ನಿಮಿಷದ ಕೆಲಸ.

ಆಮೇಲೆ ಒಂದು ವಾರ ಗಾಡಿ ನಿಲ್ಲಲೇ ಇಲ್ಲ. ಹಸಿರು ಗೇಟು ಬಂದರೆ ಕೈ ಎತ್ತಿ ಹೋಗುತ್ತಿದ್ದೆ. ಮೂರನೇ ದಿನ ಕನ್ನಡಿಯಲ್ಲಿ ನೋಡಿದರೆ ಅವರು ಪೇಪರ್ ಅರ್ಧ ಇಳಿಸಿ ಹಾಗೇ ಹಿಡಿದುಕೊಂಡಿದ್ದರು. ಪ್ರಶ್ನೆ ಬಾಯಿತನಕ ಬಂದು ನಿಂತ ಹಾಗಿತ್ತು. ಯಾಕೋ ಮನಸ್ಸಿಗೆ ಒಂಥರಾ ಆಯಿತು. ಅವರ ಮನೆಗೆ ಬೇರೆ ಯಾರೂ ಬಂದಿದ್ದನ್ನು ನಾನು ಕಂಡಿರಲಿಲ್ಲ. ದಿನಾ ಹತ್ತು ನಿಮಿಷ ಬೈದುಕೊಂಡು ನಿಂತಿದ್ದ ಜಾಗ ಈಗ ಮೂರು ಸೆಕೆಂಡಿನಲ್ಲಿ ಹಿಂದೆ ಹೋಗುತ್ತಿತ್ತು.

ಅದಕ್ಕೇ ಇವತ್ತು ಒಂದು ನಮಸ್ಕಾರ ಹೇಳಿ ಹೋಗೋಣ ಅಂತ ಗೇಟಿನ ಹತ್ತಿರ ಆಕ್ಸಿಲರೇಟರ್ ಬಿಟ್ಟೆ. ಬಿಟ್ಟ ತಕ್ಷಣ ಎಂಜಿನ್ ಆಫ್. ಎರಡು ದಿನದಿಂದ ಆಕ್ಸಿಲರೇಟರ್ ಬಿಟ್ಟರೆ ಎಂಜಿನ್ ಉಳಿಯುತ್ತಿರಲಿಲ್ಲ, ಸಿಗ್ನಲ್‌ನಲ್ಲೆಲ್ಲ ರೈಸ್ ಮಾಡಿಕೊಂಡೇ ನಿಲ್ಲುತ್ತಿದ್ದೆ. ಇವತ್ತು ಕಿಕ್ ಹೊಡೆದರೆ ಬರೀ ಪೆಟ್ರೋಲ್ ವಾಸನೆ. ಹತ್ತು, ಇಪ್ಪತ್ತು, ಆಮೇಲೆ ಕಿಕ್ಕರ್ ಜಾರಿ ಕಾಲಿಗೆ. ಪ್ಲಗ್ ಬಿಚ್ಚಿದರೆ ಕಾಡಿಗೆ ಬಳಿದ ಹಾಗಿದೆ. ಅಂದರೆ ಈಗ ಪೆಟ್ರೋಲ್ ಜಾಸ್ತಿ. ಗೀರು ಸವೆಸಿ ಅರ್ಧಂಬರ್ಧ ಬಿಗಿಮಾಡಿದ ಆ ಜೆಟ್ಟು ನೆನಪಾಯಿತು. ಸುತ್ತು ಮರೆತ ಸ್ಕ್ರೂ ನೆನಪಾಯಿತು.

ಪೇಪರ್ ಇಳಿಯಿತು. ಅವರ ಮುಖ ಅರಳಿದ್ದನ್ನು ನಾನು ಪ್ರಮಾಣ ಮಾಡಿ ಹೇಳಬಲ್ಲೆ.

"ಪೆಟ್ರೋಲ್ ಇದೆಯೇನಪ್ಪಾ?"

ಮುಚ್ಚಳ ತೆಗೆದು ತೋರಿಸಿದೆ. ಬುಸ್ ಅನ್ನಲಿಲ್ಲ. ಎದ್ದು ಬಂದು ಬಗ್ಗಿ ನೋಡಿದರು.

"ಇದೆ. ಮುಚ್ಚಳದ ತೂತು?"

"ಕ್ಲೀನಾಗಿದೆ ಸಾರ್."

ಕನ್ನಡಕ ತೆಗೆದು ಪಂಚೆಯಲ್ಲಿ ಒರೆಸಿಕೊಂಡರು. ಎಂಜಿನ್ನನ್ನು ಒಂದು ಸುತ್ತು ನೋಡಿದರು. ಬಹಳ ಹೊತ್ತು ಯೋಚನೆ ಮಾಡಿದರು.

"ಹಾಗಾದ್ರೆ ಕಾರ್ಬೊರೇಟರೇ ಇರ್ಬೇಕು," ಅಂದರು. "ಒಂದ್ಸಲ ಬಿಚ್ಚಿ ನೋಡ್ಬಾರ್ದಾ?"