ಹೆರಿಗೆಯಾದರೆ ಹೋಗುವ ನೋವಲ್ಲ ಇದು
ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥ ಅಂಗಾಂಶ ಗರ್ಭಕೋಶದ ಹೊರಗಡೆ ಬೆಳೆಯುವ ಕಾಯಿಲೆ) ಬಗ್ಗೆ ನೀವು ಬರೆದ ಲೇಖನ ಚೆನ್ನಾಗಿದೆ. ಆದರೆ ‘ಮಗುವಾದ ಮೇಲೆ ಎಂಡೊಮೆಟ್ರಿಯೋಸಿಸ್ ವಾಸಿಯಾಗುತ್ತದೆ’ ಅಂತ ಬರೆದಿರುವುದು ಸರಿಯಲ್ಲ. ಬಸುರಿನಲ್ಲಿ ಮುಟ್ಟು ನಿಲ್ಲುವುದರಿಂದ ಕೆಲವರಿಗೆ ನೋವು ತಗ್ಗಬಹುದು, ಅಷ್ಟೇ. ಆಮೇಲೆ ಮತ್ತೆ ಬರಬಹುದು. ನನ್ನ ತಂಗಿಗೆ ಎರಡು ಮಕ್ಕಳಾದರೂ ಈ ಕಾಯಿಲೆ ಹೋಗಿಲ್ಲ. ನೋವಿಗೆ ಬಿಸಿನೀರಿನ ಬ್ಯಾಗ್ ಇಟ್ಟೂ ಇಟ್ಟೂ ಅವಳ ಹೊಟ್ಟೆಯ ಮೇಲೆ ಬಲೆಯಂಥ ಕಂದು ಕಲೆ ಬಿದ್ದಿದೆ. ಸ್ಕ್ಯಾನ್ ಮಾತ್ರ ನಾರ್ಮಲ್! ಆ ಅಂಗಾಂಶ ಸಣ್ಣ ಚುಕ್ಕೆಗಳಾಗಿ ಅಂಟಿಕೊಂಡಿದ್ದರೆ ಸ್ಕ್ಯಾನ್‌ನಲ್ಲಿ ಕಾಣದೇ ಇರಬಹುದು. ಕೊನೆಗೆ ಲ್ಯಾಪರೋಸ್ಕೋಪಿಯಲ್ಲೇ (ಹೊಟ್ಟೆಗೆ ಸಣ್ಣ ತೂತು ಮಾಡಿ ಕ್ಯಾಮೆರಾ ಹಾಕಿ ನೋಡುವುದು) ಗೊತ್ತಾಯಿತು. ಈಗ ಡೈನೋಜೆಸ್ಟ್ ಅನ್ನುವ ಹಾರ್ಮೋನ್ ಮಾತ್ರೆ ತೆಗೆದುಕೊಳ್ಳುತ್ತಿದ್ದಾಳೆ, ನೋವು ಎಷ್ಟೋ ಕಡಿಮೆ. ಅಂದಹಾಗೆ, ಮುಟ್ಟಿನ ದಿನಗಳಲ್ಲಿ ಕಕ್ಕಸಿಗೆ ಹೋಗುವಾಗ, ಗಂಡನ ಜೊತೆ ಕೂಡುವಾಗ ಆಗುವ ನೋವಿನ ಬಗ್ಗೆಯೂ ಬರೆಯಬೇಕಿತ್ತು ಅಲ್ವಾ? ನಮ್ಮ ಹೆಂಗಸರು ಅದನ್ನು ತಾವಾಗಿ ಹೇಳುವುದು ಕಡಿಮೆ, ಡಾಕ್ಟರೇ ಕೇಳಬೇಕು.