ಅದೇ ರಾತ್ರಿ, ಹಳದಿ ಮುಖ

ಹಾರರ್ ಸಿನಿಮಾ ಮುಗಿದ ಮೇಲೆ ಸ್ವಲ್ಪ ಹೊತ್ತು ಹೆದರಿಕೊಂಡು ಕೂರುವುದಕ್ಕೂ ಈಗ ಬಿಡುವುದಿಲ್ಲ. ಹೆಸರುಗಳು ಮೇಲೇರಲು ಶುರುವಾದರೆ ಸಾಕು, ಪರದೆಯ ಮೂಲೆಯಲ್ಲೊಂದು ಚೌಕ ಮೂಡುತ್ತದೆ. ಮುಂದಿನ ಭಾಗ ಇನ್ನೈದು ಸೆಕೆಂಡಿನಲ್ಲಿ. ನಾಲ್ಕು. ಮೂರು. ರಿಮೋಟ್ ಎಲ್ಲಿ ಅಂತ ತಡಕಾಡುವಷ್ಟರಲ್ಲಿ ಇದ್ದಬದ್ದ ಭಯವೆಲ್ಲ ಇಳಿದುಹೋಗಿರುತ್ತದೆ. ಯಾರಿಗೆ ಇಷ್ಟೊಂದು ಅವಸರ?

ಹೀಗೆ 1978ರ ‘ಹ್ಯಾಲೋವೀನ್’ ಮುಗಿದದ್ದೇ ತಡ, 1981ರ ಎರಡನೇ ಭಾಗ ತಾನಾಗಿಯೇ ಶುರುವಾಯಿತು. ಸರಿ, ನೋಡಿಯೇ ಬಿಡೋಣ ಅಂದುಕೊಂಡೆ. ಎರಡನೇ ಭಾಗಗಳು ಮೊದಲಿನಷ್ಟು ಯಾಕೆ ಹೆದರಿಸುವುದಿಲ್ಲ ಅನ್ನುವುದನ್ನು ಕಂಡುಹಿಡಿಯುವ ಹುಮ್ಮಸ್ಸೂ ಬಂತು.

ಕಥೆಯ ಲೆಕ್ಕದಲ್ಲಿ ಎರಡರ ನಡುವೆ ಅಂತರವೇ ಇಲ್ಲ. ಮೊದಲ ಭಾಗದ ಕೊನೆಗೆ ಡಾಕ್ಟರು ಗುಂಡು ಹಾರಿಸುತ್ತಾರೆ, ಮುಖವಾಡ ಹಾಕಿದ ಕೊಲೆಗಾರ ಮೈಕಲ್ ಮೇಯರ್ಸ್ ಬಾಲ್ಕನಿಯಿಂದ ಬೀಳುತ್ತಾನೆ. ಬಗ್ಗಿ ನೋಡಿದರೆ ಕೆಳಗೆ ಯಾರೂ ಇಲ್ಲ. ಎರಡನೆಯದು ಅಲ್ಲಿಂದಲೇ, ಅದೇ ರಾತ್ರಿಯಲ್ಲೇ ಮುಂದುವರಿಯುತ್ತದೆ. ಆದರೆ ಸಿನಿಮಾ ತೆಗೆದವರಿಗೆ ನಡುವೆ ವರ್ಷಗಳೇ ಕಳೆದಿದ್ದವು. ನಾಯಕಿ ಜೇಮೀ ಲೀ ಕರ್ಟಿಸ್ ಅಷ್ಟರಲ್ಲಿ ಕೂದಲು ಗಿಡ್ಡ ಮಾಡಿಸಿಕೊಂಡಿದ್ದರು. ಹಾಗಾಗಿ ವಿಗ್. ಅದು ವಿಗ್ ಅಂತ ಒಮ್ಮೆ ಗೊತ್ತಾದರೆ ಮುಗಿಯಿತು. ಆಕೆ ಜೀವ ಉಳಿಸಿಕೊಳ್ಳಲು ತೆವಳುವಾಗಲೂ ನಮ್ಮ ಚಿಂತೆ ವಿಗ್ಗಿನದೇ.

ವಿಗ್ ಬಿಡಿ, ಮುಖವಾಡದ ಕಥೆ ಹೇಳಬೇಕು. ಮೊದಲ ಸಿನಿಮಾ ತೆಗೆದದ್ದು ಸುಮಾರು 3 ಲಕ್ಷ ಡಾಲರಿನಲ್ಲಿ. ಮುಖವಾಡಕ್ಕೆ ಅದರಲ್ಲಿ ಎರಡು ಡಾಲರೂ ಸಿಕ್ಕಿರಲಿಲ್ಲ. ಕಲಾ ವಿಭಾಗ ನೋಡಿಕೊಂಡಿದ್ದ ಟಾಮಿ ಲೀ ವಾಲೇಸ್ ಅಂಗಡಿಯಿಂದ ‘ಸ್ಟಾರ್ ಟ್ರೆಕ್’ನ ಕ್ಯಾಪ್ಟನ್ ಕರ್ಕ್ ಮುಖವಾಡ ತಂದರು. ಅಂದರೆ ನಟ ವಿಲಿಯಂ ಶಾಟ್ನರ್ ಮುಖ. ಹುಬ್ಬು ತೆಗೆದರು, ಕೃದಾ ಕಿತ್ತರು, ಕಣ್ಣಿನ ತೂತು ದೊಡ್ಡದು ಮಾಡಿದರು, ಬಿಳಿ ಬಣ್ಣ ಹೊಡೆದರು. ಪಾಪ, ಆಕಾಶ ಸುತ್ತುತ್ತಿದ್ದ ಕ್ಯಾಪ್ಟನ್ ಕೊಲೆಗಾರನಾದ. ಅದನ್ನು ಹಾಕಿಕೊಂಡವರು ನಿರ್ದೇಶಕ ಜಾನ್ ಕಾರ್ಪೆಂಟರ್ ಅವರ ಗೆಳೆಯ ನಿಕ್ ಕ್ಯಾಸಲ್, ದಿನಕ್ಕೆ 25 ಡಾಲರ್ ಸಂಬಳ. ಎಷ್ಟೋ ಸಲ ಮೈಕಲ್ ಏನೂ ಮಾಡುವುದಿಲ್ಲ. ಬೇಲಿ ಪಕ್ಕ ಸುಮ್ನೆ ನಿಲ್ಲುತ್ತಾನೆ. ಒಣಹಾಕಿದ ಬಟ್ಟೆಗಳ ನಡುವೆ ನಿಲ್ಲುತ್ತಾನೆ. ಕತ್ತು ವಾಲಿಸಿ ನೋಡುತ್ತಾನೆ. ನಮಗೆ ನಡುಕ.

ಆಮೇಲೆ ಆ ಮುಖವಾಡ ನಿರ್ಮಾಪಕಿ ಡೆಬ್ರಾ ಹಿಲ್ ಅವರ ಮಂಚದ ಕೆಳಗೆ ಸೇರಿತು. ಅವರು ಸಿಗರೇಟು ಸೇದುತ್ತಿದ್ದರು. ಧೂಳು, ಹೊಗೆ ಕುಡಿದು ಬಿಳಿ ಮುಖ ಹಳದಿಗೆ ತಿರುಗಿತು. ಎರಡನೇ ಭಾಗಕ್ಕೆ ಅದನ್ನೇ ಎಳೆದು ತಂದರು. ಈ ಸಲ ಹಾಕಿಕೊಂಡವರು ಸ್ಟಂಟ್ ಕಲಾವಿದ ಡಿಕ್ ವಾರ್ಲಾಕ್. ಕ್ಯಾಸಲ್‌ಗಿಂತ ಕುಳ್ಳು, ತಲೆಯ ಆಕಾರವೂ ಬೇರೆ. ಅಣ್ಣನ ಅಂಗಿಯನ್ನು ತಮ್ಮನಿಗೆ ತೊಡಿಸಿದ ಹಾಗೆ, ಮುಖ ಅಗಲವಾಗಿ ಕೂತಿತು. ಅಂದರೆ ಬಾಲ್ಕನಿಯಿಂದ ಬಿದ್ದು ಎದ್ದ ಆಸಾಮಿ ಅಷ್ಟರಲ್ಲೇ ಕುಳ್ಳಗಾಗಿ, ಮುಖ ಊದಿ, ಕಾಮಾಲೆ ಬಂದವನ ಬಣ್ಣಕ್ಕೆ ತಿರುಗಿದ್ದ! ಈ ಸಲ ಖರ್ಚು 25 ಲಕ್ಷ ಡಾಲರ್ ಸ್ವಾಮಿ. ಒಂದು ಡಬ್ಬಿ ಬಿಳಿ ಬಣ್ಣ ತರಲಾಗಲಿಲ್ಲವೇ?

ದುಡ್ಡು ಹೋಗಿದ್ದು ಎಲ್ಲಿಗೆ ಅಂದರೆ ರಕ್ತಕ್ಕೆ. ಮೊದಲನೆಯದರಲ್ಲಿ ರಕ್ತ ಹನಿ ಲೆಕ್ಕದಲ್ಲಿತ್ತು. ಎರಡನೆಯದನ್ನು ನಿರ್ದೇಶಿಸಿದ್ದು ರಿಕ್ ರೋಸೆಂತಾಲ್. ಅವರು ತೆಗೆದದ್ದು ಸಪ್ಪೆಯಾಯಿತೆಂದು ಕಾರ್ಪೆಂಟರ್ ತಾವೇ ಇನ್ನಷ್ಟು ದೃಶ್ಯ ತೆಗೆದು ಸೇರಿಸಿದರು. ಬೇಲಿ ಪಕ್ಕ ನಿಂತು ಹೆದರಿಸುವ ಕಲೆ ಕಲಿಸಿದವರೇ ಹೀಗೆ ಮಾಡಿದರೆ ಯಾರಿಗೆ ದೂರು ಕೊಡುವುದು? ಕಥೆ ಹೆಚ್ಚಾಗಿ ನಡೆಯುವುದು ಒಂದು ಆಸ್ಪತ್ರೆಯಲ್ಲಿ. ಅಲ್ಲಿ ರೋಗಿಗಳೇ ಕಾಣುವುದಿಲ್ಲ. ಲೈಟೂ ಹಾಕುವುದಿಲ್ಲ. ನರ್ಸು ಒಬ್ಬಳೇ ಕತ್ತಲ ಕಾರಿಡಾರಿನಲ್ಲಿ ಹೋಗುತ್ತಾಳೆ. ಸ್ವಿಚ್ಚು ಅಲ್ಲೇ ಇದೆಯಲ್ಲಮ್ಮಾ!

ಇದೆಲ್ಲ ಸಾಲದೆಂದು ಮೈಕಲ್ ನಾಯಕಿಯ ಬೆನ್ನು ಹತ್ತುವುದಕ್ಕೆ ಕಾರಣ ಬೇರೆ ಕೊಟ್ಟರು. ಆ ಹುಡುಗಿ ಅವನ ತಂಗಿಯಂತೆ. ಮೊದಲ ಭಾಗದಲ್ಲಿ ಅವನು ಯಾರ ಹಿಂದೆ ಬೇಕಾದರೂ ಬೀಳಬಹುದಿತ್ತು, ನಿಮ್ಮ ಹಿಂದೆಯೂ. ಈಗ ನೀವು ಅವನ ತಂಗಿ ಅಲ್ವಲ್ಲ, ಆರಾಮಾಗಿ ಮಲಗಿ.

ಹಾಗಾದರೆ ದುಡ್ಡು ಜಾಸ್ತಿಯಾದರೆ, ವಿವರಣೆ ಜಾಸ್ತಿಯಾದರೆ ಹಾರರ್ ಕೆಡುತ್ತದೆ ಅಂತ ತೀರ್ಪು ಕೊಡಬಹುದಿತ್ತು. ಅಷ್ಟರಲ್ಲಿ ‘ಈವಿಲ್ ಡೆಡ್’ ನೆನಪಾಯಿತು. ಅದರ 1987ರ ಎರಡನೇ ಭಾಗಕ್ಕೂ ಮೊದಲಿಗಿಂತ ಎಷ್ಟೋ ಪಟ್ಟು ಜಾಸ್ತಿ ಖರ್ಚಾಗಿತ್ತು. ಹಳೇ ಕಥೆಯನ್ನೇ ತಮಾಷೆ ಬೆರೆಸಿ ಮತ್ತೊಮ್ಮೆ ಹೇಳಿದರು. ನನಗಂತೂ ಅದು ಮೊದಲನೆಯದಕ್ಕಿಂತ ಇಷ್ಟ. ತೀರ್ಪು ಅಲ್ಲಿಗೇ ನಿಂತಿತು.

ತಂಗಿಯ ವಿಷಯವನ್ನಂತೂ ಕೊನೆಗೆ ಅವರೇ ಸರಿಮಾಡಿದರು. 2018ರಲ್ಲಿ ಬಂದ ‘ಹ್ಯಾಲೋವೀನ್’ ಮೊದಲ ಸಿನಿಮಾ ಒಂದನ್ನು ಬಿಟ್ಟು ಉಳಿದದ್ದೆಲ್ಲ ನಡೆದೇ ಇಲ್ಲ ಅಂದಿತು. ಅಣ್ಣ ತಂಗಿ ಅನ್ನುವುದು ಜನ ಕಟ್ಟಿದ ಕಥೆ ಅಂತ ಒಂದು ಪಾತ್ರದ ಬಾಯಲ್ಲೇ ಹೇಳಿಸಿದರು. ಸದ್ಯ, ಬುದ್ಧಿ ಬಂತಲ್ಲ ಅಂದುಕೊಂಡೆ. 2021ರಲ್ಲಿ ಅದಕ್ಕೂ ಮುಂದಿನ ಭಾಗ ಬಂತು. ಅದೇ ರಾತ್ರಿ. ಅದೇ ನಾಯಕಿ. ಮತ್ತೆ ಆಸ್ಪತ್ರೆ. ಈ ಸಲ ಅಲ್ಲಿ ಜನ ತುಂಬಿದ್ದರು ಅನ್ನುವುದೊಂದೇ ಸಮಾಧಾನ.